ಗ್ರಾಮರ್ ಬರುತ್ತದೆ, ಕತೆಯ ಥೀಮ್ ಬರೆಯಲು ಬರುತ್ತಿಲ್ಲ. ಯಾರಾದರೂ ದಾರಿ ಹೇಳಿ

ಬಯಲುಸೀಮೆ ಹುಡುಗಿ:
ಎಲ್ಲರಿಗೂ ನಮಸ್ಕಾರ. ನಾನು ಬಿಎ ಮೊದಲ ವರ್ಷ. ಹತ್ತನೇ ತರಗತಿವರೆಗೆ ಓದಿದ್ದು ಕನ್ನಡ ಮಾಧ್ಯಮ. ಇಂಗ್ಲಿಷ್ ಪೇಪರ್‌ನಲ್ಲಿ ಗ್ರಾಮರ್ ಭಾಗ ನನಗೆ ಕಷ್ಟವಿಲ್ಲ. ಆ್ಯಕ್ಟಿವ್-ಪ್ಯಾಸಿವ್, ಡೈರೆಕ್ಟ್-ಇನ್‌ಡೈರೆಕ್ಟ್, ಟೆನ್ಸ್, ಬಿಟ್ಟ ಸ್ಥಳ, ಎಲ್ಲ ಮಾಡುತ್ತೇನೆ. ಕತೆ ಬಂದಾಗ ಸಿಕ್ಕಿಹಾಕಿಕೊಳ್ಳುತ್ತೇನೆ.

ಈಗ ಇರುವುದು ಕೇಟ್ ಶೋಪ್ಯಾನ್ ಬರೆದ 'ದಿ ಸ್ಟೋರಿ ಆಫ್ ಆ್ಯನ್ ಅವರ್'. ಪುಟ್ಟ ಕತೆ. ಮಿಸೆಸ್ ಮಲ್ಲಾರ್ಡ್‌ಗೆ ಹೃದಯದ ತೊಂದರೆ. ಗಂಡ ರೈಲು ಅಪಘಾತದಲ್ಲಿ ಸತ್ತ ಎಂದು ಸುದ್ದಿ ಬರುತ್ತದೆ. ಅವಳು ಅಳುತ್ತಾಳೆ, ಕೋಣೆಗೆ ಹೋಗಿ ಒಬ್ಬಳೇ ಕೂರುತ್ತಾಳೆ. ಅಲ್ಲಿ ನಿಧಾನಕ್ಕೆ ಅವಳಿಗೆ 'ನಾನಿನ್ನು ಸ್ವತಂತ್ರಳು' ಅನ್ನಿಸುತ್ತದೆ. ಮೆಟ್ಟಿಲು ಇಳಿದು ಬರುವಾಗ ಮುಂಬಾಗಿಲು ತೆಗೆದು ಗಂಡ ಒಳಗೆ ಬರುತ್ತಾನೆ. ಅವನು ಸತ್ತೇ ಇರಲಿಲ್ಲ. ಇವಳು ಸಾಯುತ್ತಾಳೆ.

ಗೈಡ್‌ನಲ್ಲಿ ಥೀಮ್ 'ಹೆಣ್ಣಿನ ಸ್ವಾತಂತ್ರ್ಯ' ಎಂದಿದೆ. ಅದನ್ನೇ ಬರೆದು, ಕತೆಯ ಸಾರಾಂಶ ಸೇರಿಸಿ ಒಂದೂವರೆ ಪುಟ ತುಂಬಿಸಿದೆ. ಅರ್ಧ ಮಾರ್ಕ್ಸ್ ಬಂತು. ಪಕ್ಕದಲ್ಲಿ 'ಕತೆಯಿಂದ ಆಧಾರ ಎಲ್ಲಿ?' ಎಂದು ಬರೆದಿದ್ದರು. ಸಾರಾಂಶವೇ ಆಧಾರ ಅಲ್ವಾ? ಬೇರೆ ಏನು ಕೊಡಬೇಕು?

ಓದೋ ಅಭ್ಯಾಸ:
ಮೊದಲು ಒಂದು ವಿಷಯ ಸರಿಮಾಡಿಕೊಳ್ಳಿ. 'ಹೆಣ್ಣಿನ ಸ್ವಾತಂತ್ರ್ಯ' ಥೀಮ್ ಅಲ್ಲ, ಅದು ಕತೆಯ ವಿಷಯ. ಸ್ವಾತಂತ್ರ್ಯದ ಬಗ್ಗೆ ಈ ಕತೆ ಏನು ಹೇಳುತ್ತದೆ ಅನ್ನುವುದು ಥೀಮ್. ಎರಡು ಪದದಲ್ಲಿ ಅದು ಮುಗಿಯುವುದಿಲ್ಲ, ಪೂರ್ತಿ ವಾಕ್ಯ ಬೇಕು. ಆ ವಾಕ್ಯಕ್ಕೆ ಕ್ರಿಯಾಪದ ಇರಬೇಕು. ಅಷ್ಟು ಮಾಡಿದರೆ 'ಆಧಾರ ಎಲ್ಲಿ' ಅನ್ನುವ ಪ್ರಶ್ನೆ ನಿಮ್ಮೊಳಗೇ ಹುಟ್ಟುತ್ತದೆ. ಮಿಕ್ಕಿದ್ದಕ್ಕೆ ಕತೆಯನ್ನು ಮತ್ತೆ ಮತ್ತೆ ಓದುವುದೊಂದೇ ದಾರಿ.

ನಿವೃತ್ತ ಮೇಷ್ಟ್ರು:
ಮಗಳೇ, ನಿನ್ನ ಪ್ರಶ್ನೆ ಓದಿ ತುಂಬಾ ಖುಷಿಯಾಯಿತು. ಗ್ರಾಮರ್ ಬರುತ್ತದೆ ಅಂದೆಯಲ್ಲ, ಆಧಾರ ಇರುವುದು ಅಲ್ಲೇ. ಗ್ರಾಮರ್ ಒಂದು ಪಾಠ, ಕತೆ ಇನ್ನೊಂದು ಪಾಠ ಎಂದು ನಾವೇ ಮಕ್ಕಳಿಗೆ ಬೇರೆ ಬೇರೆ ಮಾಡಿ ಕೊಟ್ಟುಬಿಟ್ಟಿದ್ದೇವೆ. ಅದೇ ನನಗೆ ಬೇಜಾರು.

ಪುಸ್ತಕ ತೆಗೆದು ಮೊದಲ ವಾಕ್ಯ ನೋಡು. 'ನೋಯಿಂಗ್ ದಟ್ ಮಿಸೆಸ್ ಮಲ್ಲಾರ್ಡ್ ವಾಸ್ ಅಫ್ಲಿಕ್ಟೆಡ್ ವಿತ್ ಎ ಹಾರ್ಟ್ ಟ್ರಬಲ್, ಗ್ರೇಟ್ ಕೇರ್ ವಾಸ್ ಟೇಕನ್...' ಎಂದು ಶುರುವಾಗುತ್ತದೆ. 'ವಾಸ್ ಟೇಕನ್' ಪ್ಯಾಸಿವ್ ಎಂದು ನಿನಗೆ ಗೊತ್ತು. ಪರೀಕ್ಷೆಯಲ್ಲಿ ಇದನ್ನು ಆ್ಯಕ್ಟಿವ್ ಮಾಡು ಅಂದರೆ ಏನು ಮಾಡುತ್ತೀಯ? ಕರ್ತೃ ಹುಡುಕುತ್ತೀಯ. ಹುಡುಕು ನೋಡೋಣ. ಜಾಗ್ರತೆ ವಹಿಸಿದವರು ಯಾರು? ವಾಕ್ಯದಲ್ಲಿ ಇಲ್ಲ. ಶುರುವಿನ 'ನೋಯಿಂಗ್' ನೋಡು. ತಿಳಿದಿದ್ದವರು ಯಾರು? ಅವರೂ ಇಲ್ಲ. ಅವಳಿಗೆ ಏನು ಹೇಳಬೇಕು, ಯಾವಾಗ ಹೇಳಬೇಕು, ಎಷ್ಟು ಮೆತ್ತಗೆ ಹೇಳಬೇಕು ಎಂದು ಯಾರೋ ತೀರ್ಮಾನ ಮಾಡಿ ಆಗಿದೆ. ಅವಳಿಗೆ ವಾಕ್ಯದಲ್ಲಿ ಸಿಕ್ಕಿರುವ ಕ್ರಿಯಾಪದ ಒಂದೇ, ಅದೂ ಪ್ಯಾಸಿವ್, ಕಾಯಿಲೆಯಿಂದ ನರಳುವುದು.

ಮುಂದೆ ಓದು. 'ಇಟ್ ವಾಸ್ ಹರ್ ಸಿಸ್ಟರ್ ಜೋಸೆಫೀನ್ ಹೂ ಟೋಲ್ಡ್ ಹರ್.' ಸುಮ್ನೆ 'ಜೋಸೆಫೀನ್ ಟೋಲ್ಡ್ ಹರ್' ಅನ್ನಬಹುದಿತ್ತು. 'ಇಟ್ ವಾಸ್... ಹೂ' ಹಾಕಿದರೆ ಒತ್ತು ಆ ವ್ಯಕ್ತಿಯ ಮೇಲೆ ಬೀಳುತ್ತದೆ, 'ಹೇಳಿದವಳು ಜೋಸೆಫೀನೇ' ಅಂದ ಹಾಗೆ. ಇದೇ ಅಚ್ಚು ಕತೆಯಲ್ಲಿ ಮೂರು ಕಡೆ ಇದೆ. ಸುದ್ದಿ ಹೇಳಿದವಳು ತಂಗಿಯೋ ಅಕ್ಕನೋ ಆದ ಜೋಸೆಫೀನ್. ಪತ್ರಿಕಾ ಕಚೇರಿಯಲ್ಲಿದ್ದವನು ಗಂಡನ ಸ್ನೇಹಿತ ರಿಚರ್ಡ್ಸ್. ಕೊನೆಯಲ್ಲಿ ಒಳಗೆ ಬಂದವನು ಗಂಡ ಬ್ರೆಂಟ್ಲಿ. ಅವಳ ಬದುಕನ್ನು ತಿರುಗಿಸುವ ಸುದ್ದಿ ಪ್ರತಿ ಸಲವೂ ಬೇರೆಯವರ ಕಡೆಯಿಂದ ಬರುತ್ತದೆ, ಮತ್ತು ವಾಕ್ಯ ಅವರನ್ನೇ ಮುಂದೆ ನಿಲ್ಲಿಸುತ್ತದೆ.

ಇದನ್ನು ಬರೆ. ಇದು ಆಧಾರ.

ಕಾಫಿ ತೋಟದವ:
ಮೇಷ್ಟ್ರೇ, ಗೌರವದಿಂದಲೇ ಒಂದು ತಕರಾರು. ಆ ಕಾಲದ ಇಂಗ್ಲಿಷ್ ಬರವಣಿಗೆಯಲ್ಲಿ ಪ್ಯಾಸಿವ್ ಎಲ್ಲ ಕಡೆ ಸಿಗುತ್ತದೆ. ಪತ್ರಿಕೆಯ ಸುದ್ದಿಯೂ ಹಾಗೇ ಇರುತ್ತಿತ್ತು. ಈಗಲೂ ಸರ್ಕಾರಿ ಪತ್ರಗಳಲ್ಲಿ 'ಇಟ್ ಈಸ್ ಹಿಯರ್‌ಬೈ ನೋಟಿಫೈಡ್' ಅನ್ನುವುದಿಲ್ಲವೇ? ಅಲ್ಲೆಲ್ಲ ಥೀಮ್ ಹುಡುಕುತ್ತೇವೆಯೇ? ಆ 'ನೋಯಿಂಗ್ ದಟ್' ವಾಕ್ಯವನ್ನು ನಮ್ಮ ಹುಡುಗರು ಬರೆದಿದ್ದರೆ ಡ್ಯಾಂಗ್ಲಿಂಗ್ ಪಾರ್ಟಿಸಿಪಲ್ (ಕ್ರಿಯೆ ಇದೆ, ಅದನ್ನು ಮಾಡಿದವರು ವಾಕ್ಯದಲ್ಲಿ ಇಲ್ಲ) ಎಂದು ಕೆಂಪು ಇಂಕಿನಲ್ಲಿ ಗೀಟು ಬೀಳುತ್ತಿತ್ತು. ದೊಡ್ಡವರು ಬರೆದರೆ ಕಲೆ, ಹುಡುಗರು ಬರೆದರೆ ತಪ್ಪು. ಹೀಗೆ ಪ್ರತಿ ಪದಕ್ಕೂ ಅರ್ಥ ಹಚ್ಚುತ್ತಾ ಹೋದರೆ ಮಕ್ಕಳು ಕತೆಯ ಸುಖವನ್ನೇ ಕಳೆದುಕೊಳ್ಳುತ್ತಾರೆ ಅನ್ನುವ ಕಾಳಜಿ ನನ್ನದು.

ನಿವೃತ್ತ ಮೇಷ್ಟ್ರು:
ಒಳ್ಳೆಯ ತಕರಾರು. ಒಂದೇ ಒಂದು ಪ್ಯಾಸಿವ್ ವಾಕ್ಯದ ಮೇಲೆ ಥೀಮ್ ಕಟ್ಟಲು ಆಗುವುದಿಲ್ಲ, ಒಪ್ಪುತ್ತೇನೆ. ಸರ್ಕಾರಿ ಪತ್ರ ಮೊದಲಿನಿಂದ ಕೊನೆವರೆಗೆ ಒಂದೇ ಧಾಟಿಯಲ್ಲಿರುತ್ತದೆ. ಈ ಕತೆ ಹಾಗಿಲ್ಲ. ಧಾಟಿ ಬದಲಾಗುತ್ತದೆ, ಬದಲಾಗುವ ಜಾಗ ಮುಖ್ಯ.

ಪೆನ್ಸಿಲ್ ಹಿಡಿದು ಪ್ರತಿ ವಾಕ್ಯದ ಕರ್ತೃ ಮತ್ತು ಕ್ರಿಯಾಪದಕ್ಕೆ ಗೆರೆ ಎಳೆಯಿರಿ. ಶುರುವಿನಲ್ಲಿ ಜಾಗ್ರತೆ ವಹಿಸಲಾಯಿತು, ಸುದ್ದಿ ಬಂತು, ಅವಳಿಗೆ ಹೇಳಿದರು. ಆಮೇಲೆ 'ಷಿ ವೆಪ್ಟ್ ಅಟ್ ಒನ್ಸ್', ಅವಳೇ ಅತ್ತಳು. ಅವಳೇ ಎದ್ದು ಕೋಣೆಗೆ ಹೋದಳು. 'ಷಿ ವುಡ್ ಹ್ಯಾವ್ ನೋ ಒನ್ ಫಾಲೋ ಹರ್', ಯಾರೂ ಹಿಂದೆ ಬರಕೂಡದು. ಇಲ್ಲಿನ 'ವುಡ್' ಬರೀ ಭೂತಕಾಲ ಅಲ್ಲ, ಹಟ. ಕತೆಯಲ್ಲಿ ಅವಳ ಇಷ್ಟ ಮೊದಲ ಸಲ ಕಾಣುವುದು ಆ ವಾಕ್ಯದಲ್ಲಿ.

ಕೋಣೆಯೊಳಗೆ ಹೋದ ಮೇಲೆ ಇನ್ನೂ ವಿಚಿತ್ರ. ಕುರ್ಚಿಯಲ್ಲಿ ಕುಸಿಯುತ್ತಾಳೆ. ಅವಳ ಕಡೆಗೆ 'ಏನೋ ಒಂದು' ಬರುತ್ತಿದೆ, ಕರ್ತೃ ಆ ಏನೋ. ಅದು ಅವಳನ್ನು ಹಿಡಿದುಕೊಳ್ಳಲು ಬರುತ್ತಿದೆ. 'ಫ್ರೀ' ಅನ್ನುವ ಮಾತನ್ನೂ ಮೊದಲ ಸಲ ಅವಳು ಹೇಳುವುದಿಲ್ಲ, ಮಾತೇ ಅವಳ ತುಟಿಯಿಂದ ತಪ್ಪಿಸಿಕೊಂಡು ಬರುತ್ತದೆ. ಅದರ ನಂತರ ನೋಡಿ. ಮುಂದಿನ ವರ್ಷಗಳನ್ನು ಅವಳು ಕಾಣುತ್ತಾಳೆ, ತೋಳು ಚಾಚಿ ಅವನ್ನು ಬರಮಾಡಿಕೊಳ್ಳುತ್ತಾಳೆ. ಈಗ ಕರ್ತೃ ಪೂರ್ತಿ ಅವಳೇ. ಅದೇ ಹೊತ್ತಿಗೆ ಬಾಗಿಲಾಚೆಯಿಂದ ಜೋಸೆಫೀನ್ 'ಲೂಯಿಸ್' ಎಂದು ಕೂಗುತ್ತಾಳೆ. ಅಲ್ಲಿಯವರೆಗೆ ನಮಗೆ ಅವಳ ಹೆಸರೇ ಗೊತ್ತಿರಲಿಲ್ಲ. ಬರೀ ಮಿಸೆಸ್ ಮಲ್ಲಾರ್ಡ್, ಗಂಡನ ಹೆಸರು.

ಇದಿಷ್ಟೂ ಒಂದೇ ಕಡೆ ವಾಲುತ್ತಿದೆ. ಆದ್ದರಿಂದ ಇದನ್ನು ಬರೀ ಆ ಕಾಲದ ರೂಢಿ ಎಂದು ಪಕ್ಕಕ್ಕೆ ಇಡಲು ನನಗೆ ಮನಸ್ಸು ಬರುವುದಿಲ್ಲ.

ಕಾಫಿ ತೋಟದವ:
ಹೆಸರಿನ ವಿಷಯ ನಾನು ಗಮನಿಸಿರಲಿಲ್ಲ, ಚೆನ್ನಾಗಿದೆ. ಧಾಟಿ ಬದಲಾಗುವ ಜಾಗ ನೋಡಬೇಕು ಅನ್ನುವುದನ್ನು ತೆಗೆದುಕೊಳ್ಳುತ್ತೇನೆ. ಆದರೆ ಕತೆಯನ್ನು ಮೊದಲ ಸಲ ಓದುವಾಗ ಪೆನ್ಸಿಲ್ ಬೇಡ. ಅದನ್ನು ಮಾತ್ರ ಬಿಡುವುದಿಲ್ಲ.

ನಿವೃತ್ತ ಮೇಷ್ಟ್ರು:
ಮೊದಲ ಓದಿಗೆ ಪೆನ್ಸಿಲ್ ಬೇಡವೇ ಬೇಡ.

ಹುಬ್ಬಳ್ಳಿ ಮೇಡಂ:
ನಾನು ಪಿಯು ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುತ್ತೇನೆ. ಈ ಚರ್ಚೆ ನೋಡಿ ಸುಮ್ಮನಿರಲು ಆಗಲಿಲ್ಲ. ನನಗೆ ಈ ಕತೆಯಲ್ಲಿ ಎಲ್ಲಕ್ಕಿಂತ ಇಷ್ಟವಾದ ಜಾಗ ಇನ್ನೊಂದಿದೆ, ಅದು ಡೈರೆಕ್ಟ್-ಇನ್‌ಡೈರೆಕ್ಟ್ ಪಾಠಕ್ಕೇ ಸೇರಿದ್ದು.

'ಷಿ ವುಡ್ ಲಿವ್ ಫಾರ್ ಹರ್‌ಸೆಲ್ಫ್' ಎಂದು ಒಂದು ವಾಕ್ಯ ಬರುತ್ತದೆ. ಇದನ್ನು ಡೈರೆಕ್ಟ್ ಮಾಡಿ ನೋಡಿ. 'ಐ ವಿಲ್ ಲಿವ್ ಫಾರ್ ಮೈಸೆಲ್ಫ್.' ಐ ಹೋಗಿ ಷಿ ಆಗಿದೆ, ವಿಲ್ ಹೋಗಿ ವುಡ್ ಆಗಿದೆ. ಹತ್ತನೇ ಕ್ಲಾಸಿನ ನಿಯಮದಂತೆಯೇ ಇದೆ. ಆದರೆ ಒಂದು ತುಂಡು ಕಾಣೆಯಾಗಿದೆ. 'ಷಿ ಥಾಟ್ ದಟ್' ಎಲ್ಲಿ? ಅದನ್ನು ಲೇಖಕಿ ಬಿಟ್ಟಿದ್ದಾರೆ. ಹಾಗಾಗಿ ನಿರೂಪಕರ ದನಿ ಯಾವುದು, ಲೂಯಿಸಳ ದನಿ ಯಾವುದು ಬೇರೆಯಾಗಿ ಕೇಳಿಸುವುದಿಲ್ಲ. ನಾವು ನೇರ ಅವಳ ತಲೆಯೊಳಗೆ ಕೂತಿರುತ್ತೇವೆ. ಮನೆಯವರು ಯಾರೂ ಕೇಳದ ಮಾತನ್ನು ನಾವು ಮಾತ್ರ ಕೇಳುತ್ತಿದ್ದೇವೆ.

ಈಗ ಕೊನೆಯ ವಾಕ್ಯಕ್ಕೆ ಬನ್ನಿ. 'ವೆನ್ ದ ಡಾಕ್ಟರ್ಸ್ ಕೇಮ್ ದೇ ಸೆಡ್ ಷಿ ಹ್ಯಾಡ್ ಡೈಡ್ ಆಫ್ ಹಾರ್ಟ್ ಡಿಸೀಸ್, ಆಫ್ ದ ಜಾಯ್ ದಟ್ ಕಿಲ್ಸ್.' ಇಲ್ಲಿ 'ದೇ ಸೆಡ್' ಇದೆ! ಅವಳ ಮಾತಿಗೆ ಬಿಟ್ಟಿದ್ದನ್ನು ಡಾಕ್ಟರ ಮಾತಿಗೆ ಹಾಕಿದ್ದಾರೆ. ಅಂದರೆ 'ಸಂತೋಷ ತಾಳಲಾರದೆ ಸತ್ತಳು' ಅನ್ನುವುದು ಕತೆಯ ಮಾತಲ್ಲ, ಡಾಕ್ಟರ ಮಾತು. ಅವರು ಹೇಳಿದರು, ಅಷ್ಟೇ. ಕೋಣೆಯೊಳಗೆ ನಡೆದದ್ದು ಅವರಿಗೆ ಗೊತ್ತಿಲ್ಲ, ನಮಗೆ ಗೊತ್ತು. ಅವಳು ಸತ್ತಳು ಎಂದು ನೇರವಾಗಿ ಹೇಳುವ ವಾಕ್ಯ ಕತೆಯಲ್ಲಿ ಎಲ್ಲೂ ಇಲ್ಲ, ಹುಡುಕಿ ನೋಡಿ. ಅವಳ ಸಾವು ನಮಗೆ ಸಿಗುವುದು ಬೇರೆಯವರ ವರದಿಯಾಗಿ, ಇನ್‌ಡೈರೆಕ್ಟ್ ಸ್ಪೀಚ್‌ನೊಳಗೆ.

ಮೊದಲ ವಾಕ್ಯದಲ್ಲಿ ಅವಳ ಹೃದಯದ ಬಗ್ಗೆ ತಿಳಿದಿದ್ದವರು ಬೇರೆಯವರು. ಕೊನೆಯ ವಾಕ್ಯದಲ್ಲೂ ತೀರ್ಪು ಕೊಡುವವರು ಬೇರೆಯವರೇ. ಇದನ್ನು ಕ್ಲಾಸಿನಲ್ಲಿ ಹೇಳುವಾಗ ಈಗಲೂ ನನಗೆ ಮೈ ಜುಮ್ಮೆನ್ನುತ್ತದೆ.

ಬಯಲುಸೀಮೆ ಹುಡುಗಿ:
ಮೇಡಂ, ಮೇಷ್ಟ್ರೇ, ತುಂಬಾ ಧನ್ಯವಾದ. ಗೆರೆ ಎಳೆದುಕೊಂಡು ಕೂತೆ. ನನಗೂ ಒಂದು ಸಿಕ್ಕಿತು. 'ಲೈಫ್ ಮೈಟ್ ಬಿ ಲಾಂಗ್' ಅನ್ನುವುದು ಅಕ್ಕಪಕ್ಕದ ಎರಡು ವಾಕ್ಯಗಳಲ್ಲಿ ಬರುತ್ತದೆ. ಮೊದಲನೆಯದರಲ್ಲಿ ಆಯುಷ್ಯ ಜಾಸ್ತಿ ಇರಲಿ ಎಂದು ಬೇಡಿಕೊಳ್ಳುತ್ತಾಳೆ. ಮುಂದಿನದರಲ್ಲಿ, ನಿನ್ನೆಯಷ್ಟೇ ಆಯುಷ್ಯ ಜಾಸ್ತಿ ಇದ್ದುಬಿಟ್ಟರೆ ಎಂದು ನಡುಗಿದ್ದಳು ಎಂದಿದೆ. ಪದ ಒಂದೂ ಬದಲಾಗಿಲ್ಲ. ಒಂದು ಕಡೆ 'ಮೈಟ್' ಆಸೆ, ಇನ್ನೊಂದು ಕಡೆ ಅದೇ 'ಮೈಟ್' ಭಯ. ಇದು ಲೆಕ್ಕಕ್ಕೆ ಬರುತ್ತದೆಯೇ?

ಇನ್ನೊಂದು ಅನುಮಾನ. ಗಂಡ ಕೆಟ್ಟವನು ಎಂದು ಬರೆಯಬಹುದೇ? ಗೈಡ್‌ನಲ್ಲಿ 'ಕ್ರೂರಿ ಗಂಡ' ಎಂದಿದೆ.

ಹುಬ್ಬಳ್ಳಿ ಮೇಡಂ:
ಲೆಕ್ಕಕ್ಕೆ ಬರುವುದೇನು, ನೀನು ಹಿಡಿದದ್ದು ಕತೆಯ ನಡುಮಧ್ಯದ ಜಾಗ! ಒಂದೇ ದಿನದಲ್ಲಿ ಅವಳ ಬದುಕು ಎಷ್ಟು ತಿರುಗಿದೆ ಎಂದು ತೋರಿಸಲು ಬೇರೆ ಏನೂ ಬೇಡ. ಖಂಡಿತ ಬರೆ.

ಗಂಡನ ವಿಷಯಕ್ಕೆ ಗೈಡ್ ನಂಬಬೇಡ. ಪ್ರೀತಿ ಬಿಟ್ಟು ಬೇರೆ ಭಾವದಿಂದ ಅವಳನ್ನು ನೋಡದ ಮುಖ ಅವನದು ಎಂದು ಕತೆಯೇ ಹೇಳುತ್ತದೆ. ಹೊಡೆದದ್ದು, ಬೈದದ್ದು ಎಲ್ಲೂ ಇಲ್ಲ. 'ಆ್ಯಂಡ್ ಯೆಟ್ ಷಿ ಹ್ಯಾಡ್ ಲವ್ಡ್ ಹಿಮ್, ಸಮ್‌ಟೈಮ್ಸ್. ಆಫನ್ ಷಿ ಹ್ಯಾಡ್ ನಾಟ್' ಅನ್ನುವ ಜಾಗ ನೋಡು. ಪಾಸ್ಟ್ ಪರ್ಫೆಕ್ಟ್. ಆ ಕ್ಷಣಕ್ಕಿಂತ ಮೊದಲೇ ಮುಗಿದುಹೋದದ್ದಕ್ಕೆ ಇದು ಬರುತ್ತದೆ. ಅವಳ ಮನಸ್ಸಿನಲ್ಲಿ ಮದುವೆ ಮುಗಿದ ಅಧ್ಯಾಯ. ಗಂಡ ಬದುಕಿದ್ದಾನೆ, ಮನೆ ಕಡೆ ಬರುತ್ತಲೂ ಇದ್ದಾನೆ. ಅದು ಅವಳಿಗೂ ಗೊತ್ತಿಲ್ಲ, ಓದುವ ನಮಗೂ ಗೊತ್ತಿಲ್ಲ.

ಅವಳಿಗೆ ತೊಂದರೆ ಆಗಿದ್ದು ಅವನ ಕ್ರೌರ್ಯದಿಂದಲ್ಲ. ಒಬ್ಬರ ಇಷ್ಟ ಇನ್ನೊಬ್ಬರ ಇಷ್ಟವನ್ನು ಬಗ್ಗಿಸುವುದರಿಂದ. ಉದ್ದೇಶ ಒಳ್ಳೆಯದಿರಲಿ, ಕೆಟ್ಟದ್ದಿರಲಿ, ಬಗ್ಗಿಸುವುದು ತಪ್ಪೇ ಎಂದು ಅವಳು ಯೋಚಿಸುತ್ತಾಳೆ. ಗಂಡ ಹೆಂಡತಿಯ ಮೇಲೆ ಮಾತ್ರ ಎಂದೂ ಹೇಳುವುದಿಲ್ಲ, ಗಂಡಸರೂ ಹೆಂಗಸರೂ ಇಬ್ಬರೂ ಹಾಗೆ ಮಾಡುತ್ತಾರೆ ಅನ್ನುತ್ತಾಳೆ. ಒಳ್ಳೆಯ ಗಂಡ, ಪ್ರೀತಿಯ ಅಕ್ಕತಂಗಿ, ಕಾಳಜಿಯ ಸ್ನೇಹಿತ, ಇವರ ನಡುವೆಯೇ ಅವಳಿಗೆ ಉಸಿರುಕಟ್ಟಿತ್ತು. 'ಕ್ರೂರಿ ಗಂಡ' ಎಂದು ಬರೆದರೆ ಕತೆಯ ಧೈರ್ಯವೇ ಹೋಗುತ್ತದೆ.

ಸೇಂಟ್ ಲೂಯಿಸ್ ಕನ್ನಡಿಗ:
ನಾನಿರುವ ಊರಿನ (ಅಮೆರಿಕದ ಸೇಂಟ್ ಲೂಯಿಸ್) ಲೇಖಕಿ, ಅದಕ್ಕೇ ಬರೆಯುತ್ತಿದ್ದೇನೆ. ಕೇಟ್ ಶೋಪ್ಯಾನ್ ಹುಟ್ಟಿದ್ದು ಇಲ್ಲೇ, 1850ರಲ್ಲಿ. ತೀರಿಕೊಂಡದ್ದೂ ಇಲ್ಲೇ, 1904ರಲ್ಲಿ. ಈ ಕತೆ 'ವೋಗ್' ಪತ್ರಿಕೆಯ 1894ರ ಡಿಸೆಂಬರ್ 6ರ ಸಂಚಿಕೆಯಲ್ಲಿ ಬಂತು. ಆಗ ಅದರ ಹೆಸರು 'ದಿ ಡ್ರೀಮ್ ಆಫ್ ಆ್ಯನ್ ಅವರ್'.

ಅವರ ತಂದೆ ಸತ್ತದ್ದು ರೈಲು ಅಪಘಾತದಲ್ಲೇ. 1855ರ ನವೆಂಬರ್ 1ರಂದು ಸೇಂಟ್ ಲೂಯಿಸ್‌ನಿಂದ ಜೆಫರ್ಸನ್ ಸಿಟಿಗೆ ಹೊರಟ ಹೊಸ ರೈಲು ಮಾರ್ಗದ ಮೊದಲ ಪ್ರಯಾಣ. ಊರಿನ ಗಣ್ಯರೆಲ್ಲ ಹತ್ತಿದ್ದರು. ಗ್ಯಾಸ್ಕನೇಡ್ ನದಿಯ ಸೇತುವೆ ಕುಸಿಯಿತು. ಕೇಟ್ ಆಗ ಐದು ವರ್ಷದ ಮಗು. ಆಮೇಲೆ ಅವರು ಬೆಳೆದದ್ದು ತಾಯಿ, ಅಜ್ಜಿ, ಮುತ್ತಜ್ಜಿಯ ಜೊತೆ, ಮೂವರೂ ವಿಧವೆಯರು. ಮುಂದೆ ಗಂಡ ಆಸ್ಕರ್ 1882ರಲ್ಲಿ ತೀರಿಕೊಂಡರು. ಆರು ಮಕ್ಕಳು. ಕತೆ ಬರೆದು ಪ್ರಕಟಿಸಲು ಶುರುಮಾಡಿದ್ದು ಅದರ ನಂತರವೇ.

ಅಮೆರಿಕದ ಹೆಂಗಸರಿಗೆ ದೇಶದ ಮಟ್ಟದಲ್ಲಿ ಮತದ ಹಕ್ಕು ಸಿಕ್ಕಿದ್ದು 1920ರಲ್ಲಿ. ಕತೆ ಅದಕ್ಕಿಂತ 26 ವರ್ಷ ಹಿಂದಿನದು. ಇದನ್ನೆಲ್ಲ ಉತ್ತರದಲ್ಲಿ ಸೇರಿಸಿದರೆ ಥೀಮ್ ಗಟ್ಟಿಯಾಗುವುದಿಲ್ಲವೇ?

ಓದೋ ಅಭ್ಯಾಸ:
ರೈಲಿನ ವಿಷಯ ಗೊತ್ತಿರಲಿಲ್ಲ, ಓದಿ ಮನಸ್ಸು ಭಾರವಾಯಿತು. ಆದರೂ ಉತ್ತರದಲ್ಲಿ ಲೇಖಕಿಯ ಜೀವನಕ್ಕೆ ಒಂದೆರಡು ಸಾಲಿಗಿಂತ ಜಾಸ್ತಿ ಬೇಡ. ತಂದೆ ರೈಲಿನಲ್ಲಿ ಸತ್ತರು, ಆದ್ದರಿಂದ ಕತೆಯ ಅರ್ಥ ಇದು ಎಂದು ಹೇಳಲು ಬರುವುದಿಲ್ಲ. ರೈಲು ಎಲ್ಲಿಂದ ಬಂತು ಅನ್ನುವುದಕ್ಕೆ ಅದು ಉತ್ತರ ಆಗಬಹುದು. ಲೂಯಿಸ್ ಏಕೆ ತೋಳು ಚಾಚಿದಳು ಅನ್ನುವುದಕ್ಕೆ ಕತೆಯನ್ನೇ ಕೇಳಬೇಕು. 1894 ಅನ್ನುವ ಇಸವಿ ಮಾತ್ರ ಬಿಡಬಾರದು. ಆ ಕಾಲದಲ್ಲಿ ಮದುವೆಯಾದ ಹೆಣ್ಣು 'ನನಗಾಗಿ ಬದುಕುತ್ತೇನೆ' ಅಂದುಕೊಳ್ಳುವುದು ಸಣ್ಣ ಮಾತಲ್ಲ.

ಬಯಲುಸೀಮೆ ಹುಡುಗಿ:
ಒಂದು ಉತ್ತರ ಬರೆದಿದ್ದೇನೆ. ಇಂಗ್ಲಿಷ್‌ನಲ್ಲಿ ಬರೆದದ್ದರ ಕನ್ನಡ ಇಲ್ಲಿದೆ, ದಯವಿಟ್ಟು ನೋಡಿ.

'ಪ್ರೀತಿ ಮತ್ತು ಕಾಳಜಿ ಕೂಡ ಒಬ್ಬರ ಬದುಕನ್ನು ಅವರ ಕೈಯಿಂದ ಕಿತ್ತುಕೊಳ್ಳಬಹುದು ಎಂದು ಈ ಕತೆ ತೋರಿಸಿತು. ಮೊದಲ ವಾಕ್ಯದಲ್ಲಿ "ಗ್ರೇಟ್ ಕೇರ್ ವಾಸ್ ಟೇಕನ್" ಎಂದಿತ್ತು. ಕಾಳಜಿ ಮಾಡಿದವರು ಯಾರೆಂದು ಹೇಳಲಿಲ್ಲ, ಮಿಸೆಸ್ ಮಲ್ಲಾರ್ಡ್‌ಳನ್ನು ಕೇಳಲೂ ಇಲ್ಲ. ಕೋಣೆಯಲ್ಲಿ ಒಬ್ಬಳೇ ಇದ್ದಾಗ ಮಾತ್ರ ಅವಳು ತನ್ನ ವಾಕ್ಯಗಳ ಕರ್ತೃ ಆದಳು. ನಿನ್ನೆ ಭಯವಾಗಿದ್ದ "ಲೈಫ್ ಮೈಟ್ ಬಿ ಲಾಂಗ್" ಇವತ್ತು ಪ್ರಾರ್ಥನೆಯಾಯಿತು. ಕೊನೆಗೆ ಡಾಕ್ಟರು ಅವಳ ಸಾವಿಗೆ ತಪ್ಪು ಕಾರಣ ಕೊಟ್ಟರು. "ದೇ ಸೆಡ್" ಎಂದು ಬರೆದು ಲೇಖಕಿ ಅದು ಅವರ ಅಭಿಪ್ರಾಯ ಮಾತ್ರ ಎಂದು ತಿಳಿಸಿದರು.'

ಮುಂದಿನ ಕತೆ ಚೆಕಾಫ್ ಬರೆದ 'ಮಿಸರಿ'. ಮಗನನ್ನು ಕಳೆದುಕೊಂಡ ಗಾಡಿಯವನ ಕತೆ. ಅದಕ್ಕೂ ಹೀಗೇ ಮಾಡಬಹುದೇ?

ಕಾಫಿ ತೋಟದವ:
ಚೆಕಾಫ್ ವಿಷಯದಲ್ಲಿ ಹುಷಾರು. ಅವರು ಬರೆದದ್ದು ರಷ್ಯನ್‌ನಲ್ಲಿ, ನಿಮ್ಮ ಪುಸ್ತಕದಲ್ಲಿರುವುದು ಅನುವಾದ. ರಷ್ಯನ್ ಭಾಷೆಯಲ್ಲಿ ನಮ್ಮ ಕನ್ನಡದ ಹಾಗೆಯೇ ಆರ್ಟಿಕಲ್ ಇಲ್ಲ. ಹಾಗಾಗಿ 'ಎ' ಮತ್ತು 'ದಿ' ಮೇಲೆ ಅರ್ಥ ಕಟ್ಟಿದರೆ ಅದು ಅನುವಾದಕರ ಆಯ್ಕೆಯ ಬಗ್ಗೆ ಬರೆದ ಹಾಗೆ. ಆದರೆ ಗಾಡಿಯವ ಅಯೋನಾ ಯಾರ್ಯಾರ ಹತ್ತಿರ ಮಾತು ಶುರುಮಾಡುತ್ತಾನೆ, ಅವರು ಎಲ್ಲಿ ತಡೆಯುತ್ತಾರೆ, ಕೊನೆಗೆ ಕುದುರೆ ಹತ್ತಿರ ಮಾತ್ರ ಪೂರ್ತಿ ಹೇಳಿಕೊಳ್ಳುತ್ತಾನೆ, ಇದು ಯಾವ ಭಾಷೆಗೆ ಹೋದರೂ ಉಳಿಯುತ್ತದೆ. ಅವನ ಯಾವ ಯಾವ ಮಾತು ಅರ್ಧಕ್ಕೆ ನಿಂತಿದೆ ಎಂದು ನೋಡಿಕೊಂಡು ಹೋಗಿ.

ನಿವೃತ್ತ ಮೇಷ್ಟ್ರು:
ತೋಟದವರು ಹೇಳಿದ್ದು ಸರಿ, ನಾನು ಸೇರಿಸುವುದೇನೂ ಇಲ್ಲ. ಮಗಳೇ, ನಿನ್ನ ಉತ್ತರದ ಮೊದಲ ವಾಕ್ಯಕ್ಕೆ ನೂರಕ್ಕೆ ನೂರು. ಗೈಡ್‌ನಲ್ಲಿ ಇಲ್ಲದ ವಾಕ್ಯ ಅದು.

ಹುಬ್ಬಳ್ಳಿ ಮೇಡಂ:
ತುಂಬಾ ಚೆನ್ನಾಗಿದೆ. ತಿದ್ದುವುದು ಎರಡೇ.

ಒಂದು, ಟೆನ್ಸ್. ಕತೆ ಭೂತಕಾಲದಲ್ಲಿದೆ, ಆದರೆ ಕತೆಯ ಬಗ್ಗೆ ಇಂಗ್ಲಿಷ್‌ನಲ್ಲಿ ಬರೆಯುವಾಗ ವರ್ತಮಾನ ಬಳಸುವುದು ರೂಢಿ. 'ದ ಸ್ಟೋರಿ ಶೋಸ್', 'ಷಿ ಗೋಸ್ ಟು ಹರ್ ರೂಮ್', 'ದ ಡಾಕ್ಟರ್ಸ್ ಸೇ'. ಲೇಖಕಿಯ ಜೀವನದ ಸಂಗತಿ ಬಂದರೆ ಮಾತ್ರ ಭೂತಕಾಲ, 'ಶೋಪ್ಯಾನ್ ಪಬ್ಲಿಷ್ಡ್ ದಿಸ್ ಇನ್ 1894'. ಕತೆಯಿಂದ ಎತ್ತಿದ ಮಾತನ್ನು ಇದ್ದ ಹಾಗೆಯೇ ಬಿಡು, ಅದರ ಟೆನ್ಸ್ ಮುಟ್ಟಬೇಡ.

ಎರಡು, 'ಕರ್ತೃ ಆದಳು' ಎಂದು ಹೇಳಿ ಮುಂದಕ್ಕೆ ಓಡಿಬಿಟ್ಟಿದ್ದೀಯ. ಅಲ್ಲಿ ಒಂದು ವಾಕ್ಯ ತೋರಿಸು. 'ಷಿ ಓಪನ್ಡ್ ಆ್ಯಂಡ್ ಸ್ಪ್ರೆಡ್ ಹರ್ ಆರ್ಮ್ಸ್' ಸಾಕು. ಅದಕ್ಕೂ ಮೊದಲಿನ 'ವಾಸ್ ಟೇಕನ್'ಗೂ ಇರುವ ವ್ಯತ್ಯಾಸವನ್ನು ಒಂದು ಸಾಲಿನಲ್ಲಿ ಹೇಳು. ಜಾಗ ಸಾಲದಿದ್ದರೆ ಡಾಕ್ಟರ 'ತಪ್ಪು ಕಾರಣ' ಅನ್ನುವ ವಾಕ್ಯ ತೆಗೆ, 'ದೇ ಸೆಡ್' ಸಾಲು ಅದನ್ನೇ ಹೇಳುತ್ತಿದೆ.

ಬಯಲುಸೀಮೆ ಹುಡುಗಿ:
ಸರಿ ಮೇಡಂ, ಎರಡನ್ನೂ ತಿದ್ದಿ ಇಂಗ್ಲಿಷ್ ಉತ್ತರವನ್ನೇ ಇಲ್ಲಿ ಹಾಕುತ್ತೇನೆ. 'ಮಿಸರಿ'ಯನ್ನು ಇವತ್ತು ರಾತ್ರಿ ಪೆನ್ಸಿಲ್ ಇಲ್ಲದೆ ಓದುತ್ತೇನೆ.